36 ಪರ್ಸೆಂಟ್ ಅಂದರೆ ಹಣೆಬರಹವೇ?

ನಮ್ಮ ಗುಂಪಿನ ಒಬ್ಬನ ದೊಡ್ಡಮ್ಮನ ಮಗ ತೆಂಗಿನ ಮರದಿಂದ ಬಿದ್ದು ಐದಾರು ವರ್ಷ ಆಯಿತು. ಊರಲ್ಲಿ ಎಲ್ಲರೂ ಅವನನ್ನು ಅಣ್ಣ ಅಂತಲೇ ಕರೆಯೋದು, ನಾವೂ ಇಲ್ಲಿ ಹಾಗೇ ಬರೆಯುತ್ತೇವೆ. ಬಲಗಾಲಿನ ಸೊಂಟದ ಕೀಲು ಮುರಿದು ಕೂಡಿಕೊಂಡಿದೆ, ಸರಿಯಾಗಿ ಮಡಚಲು ಬರುವುದಿಲ್ಲ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಲಾರ. ಬಯಲಿಗೆ ಹೋದರೆ ಕುಕ್ಕರಗಾಲಲ್ಲಿ ಕೂರಲಾರ. ತೋಟದ ಬದು ಹತ್ತಬೇಕಾದರೆ ಯಾರಾದರೂ ಕೈ ಕೊಡಬೇಕು. ಮರ ಹತ್ತುವವನಿಗೆ ಅಷ್ಟು ಹೋಯಿತು ಅಂದರೆ ಎಲ್ಲವೂ ಹೋದ ಹಾಗೆ. ಈಗ ತೆಂಗಿನಕಾಯಿ ಸುಲಿಯೋದು ಬಿಟ್ಟು ಅವನಿಗೆ ಬೇರೆ ಕೂಲಿ ಇಲ್ಲ, ಅದನ್ನೂ ನಿಂತೇ ಸುಲಿಯಬೇಕು.

2023ರಲ್ಲಿ ಅವನಿಗೆ ಅಂಗವಿಕಲರ ಸರ್ಟಿಫಿಕೇಟು ಮಾಡಿಸಲು ಆಸ್ಪತ್ರೆಯ ಬೋರ್ಡಿಗೆ ಕರೆದುಕೊಂಡು ಹೋದರು. ಹಿಂದಿನ ದಿನ ದೊಡ್ಡಮ್ಮ ಅವನ ಒಳ್ಳೆಯ ಪ್ಯಾಂಟು ಇಸ್ತ್ರಿ ಮಾಡಿಸಿದರು. ಕ್ಷೌರ ಮಾಡಿಸಿದರು. "ದೊಡ್ಡ ಡಾಕ್ಟರ ಮುಂದೆ ಹೋಗ್ತಿದೀಯ, ನೆಟ್ಟಗೆ ನಡಿ" ಅಂದರು. ಅಣ್ಣ ಊರುಗೋಲನ್ನು ಹೊರಗಿನ ಬೆಂಚಿನ ಪಕ್ಕ ಬಿಟ್ಟು, ಹಲ್ಲು ಕಚ್ಚಿಕೊಂಡು ನೆಟ್ಟಗೆ ನಡೆದು ಒಳಗೆ ಹೋದ. ಡಾಕ್ಟರು "ಹೇಗಿದೀಯಪ್ಪ?" ಅಂತ ಕೇಳಿದ್ದಕ್ಕೆ "ಪರವಾಗಿಲ್ಲ ಸಾರ್, ಚೆನ್ನಾಗಿದೀನಿ" ಅಂದ. ಆ ದಿನ ಸಾಲಿನಲ್ಲಿ ಅರವತ್ತು ಜನರ ಮೇಲೆ ಇದ್ದರು. ನಾಲ್ಕೈದು ನಿಮಿಷದಲ್ಲಿ ಅವನ ಸರದಿ ಮುಗಿದುಹೋಯಿತು.

ಕಾರ್ಡು ಬಂದಾಗ ಅದರಲ್ಲಿ 36 ಪರ್ಸೆಂಟ್ ಅಂತ ಇತ್ತು.

ನಮ್ಮ ರಾಜ್ಯದಲ್ಲಿ ಮಾಸಾಶನ ಶುರುವಾಗುವುದೇ 40ರಿಂದ. 2021ರಲ್ಲಿ ಏರಿಸಿದ ಲೆಕ್ಕದ ಪ್ರಕಾರ 40ರಿಂದ 75ರೊಳಗಿನವರಿಗೆ ತಿಂಗಳಿಗೆ 800 ರೂಪಾಯಿ. ವರ್ಷಕ್ಕೆ 9,600. ಪಟ್ಟಣದವರಿಗೆ ಇದು ಒಂದು ಫೋನಿನ ದುಡ್ಡು ಅನ್ನಿಸಬಹುದು. ದೊಡ್ಡಮ್ಮನ ಮನೆಯಲ್ಲಿ ಅದು ಸೊಸೈಟಿ ಅಕ್ಕಿಯ ಮೇಲೆ ಬೇಕಾಗುವ ಬೇಳೆ, ಎಣ್ಣೆ, ಸೋಪು, ಅಣ್ಣನ ನೋವಿನ ಮಾತ್ರೆ. 36 ಮತ್ತು 40ರ ನಡುವಿನ ನಾಲ್ಕು ಅಂಕಿಯ ಬೆಲೆ ಅಷ್ಟು.

ಇಡೀ ಕತೆಯಲ್ಲಿ ನಮ್ಮನ್ನು ಹೆಚ್ಚು ಕಾಡಿದ್ದು ಆ 36 ಅಲ್ಲ, ಕಾರ್ಡು ನೋಡಿ ದೊಡ್ಡಮ್ಮ ಆಡಿದ ಮಾತು. "ಡಾಕ್ಟ್ರು ಬರೆದುಬಿಟ್ಟವ್ರೆ. ಇನ್ನೇನು ಮಾಡಕ್ಕಾಯ್ತದೆ, ಅವನ ಹಣೇಲಿ ಇರೋದೇ ಅಷ್ಟು." ಈ ಮಾತನ್ನು ನಾವು ಆಮೇಲೆ ಎಷ್ಟು ಮನೆಯಲ್ಲಿ ಕೇಳಿದ್ದೇವೋ ಲೆಕ್ಕವಿಲ್ಲ. ತಹಶೀಲ್ದಾರರ ಮೇಲೆ ಜಗಳಕ್ಕೆ ಹೋಗುವ ಜನ, ಪಂಚಾಯ್ತಿ ಕಾರ್ಯದರ್ಶಿಯನ್ನು ಕೂರಿಸಿಕೊಂಡು ಲೆಕ್ಕ ಕೇಳುವ ಜನ, ಡಾಕ್ಟರ ಸಹಿಯ ಮುಂದೆ ಮಾತ್ರ ತಲೆ ಬಗ್ಗಿಸಿಬಿಡುತ್ತಾರೆ. ನಮ್ಮ ವಾದ ಇಷ್ಟೇ: ಆ ಪರ್ಸೆಂಟು ಬ್ರಹ್ಮ ಬರೆದದ್ದಲ್ಲ. ಒಬ್ಬ ಮನುಷ್ಯ ಒಂದು ಪಟ್ಟಿ ಹಿಡಿದುಕೊಂಡು ಗುರುತು ಹಾಕಿ, ಕೂಡಿ ಬರೆದ ಲೆಕ್ಕ ಅದು. ಯಾವುದೇ ಲೆಕ್ಕವನ್ನು ತಿರುಗಿ ನೋಡಬಹುದು, ಇದನ್ನೂ ನೋಡಬಹುದು. ನೋಡಿ ಎಂದು ಕೇಳುವ ಹಕ್ಕನ್ನು ಕಾನೂನೇ ಕೊಟ್ಟಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 59ನೇ ಕಲಮು, ಸರ್ಟಿಫಿಕೇಟು ಕೊಡುವವರ ತೀರ್ಮಾನ ಒಪ್ಪದ ಯಾರೇ ಆಗಲಿ ಮೇಲ್ಮನವಿ ಹಾಕಬಹುದು ಎನ್ನುತ್ತದೆ. ಯಾರ ಮುಂದೆ, ಎಷ್ಟು ದಿನದೊಳಗೆ ಎನ್ನುವುದನ್ನು ರಾಜ್ಯ ಸರ್ಕಾರ ಗೊತ್ತುಮಾಡಬೇಕು.

ಆ ಪಟ್ಟಿಯ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಅಣ್ಣನ ಕೇಸು ನಿಂತದ್ದು ಅಲ್ಲೇ.

ಯಾವ ಅಂಗವಿಕಲತೆಯನ್ನು ಹೇಗೆ ಅಳೆಯಬೇಕು ಎಂದು ಕೇಂದ್ರ ಸರ್ಕಾರ 2018ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿತ್ತು. 2024ರ ಮಾರ್ಚಿನಲ್ಲಿ ಅದನ್ನು ತಿದ್ದಿ ಹೊಸದಾಗಿ ಹೊರಡಿಸಿದೆ. ಅಣ್ಣನಿಗೆ ಅನ್ವಯಿಸಿದ್ದು ಹಳೆಯದು. ಅದರಲ್ಲಿ ಕಾಲಿಗೆ ಎರಡು ಭಾಗ. ಕೀಲು ಎಷ್ಟು ಆಡುತ್ತದೆ, ಸ್ನಾಯುವಿನಲ್ಲಿ ಎಷ್ಟು ಬಲ ಇದೆ ಎನ್ನುವುದು ಒಂದು. ಕಾಲು ದೇಹವನ್ನು ಹೊರುತ್ತದೆಯೇ ಎನ್ನುವುದು ಇನ್ನೊಂದು. ಈ ಎರಡನೆಯದರಲ್ಲಿ ಡಾಕ್ಟರು ಒಂದೊಂದೇ ಮಾಡಿಸಿ ನೋಡಬೇಕು: ಸಮನೆಲದಲ್ಲಿ ನಡೆಯುವುದು, ಇಳಿಜಾರಿನಲ್ಲಿ ನಡೆಯುವುದು, ಮೆಟ್ಟಿಲು ಹತ್ತುವುದು, ಎರಡೂ ಕಾಲ ಮೇಲೆ ನಿಲ್ಲುವುದು, ಪೆಟ್ಟಾದ ಒಂದೇ ಕಾಲ ಮೇಲೆ ನಿಲ್ಲುವುದು, ಕುಕ್ಕರಗಾಲಲ್ಲಿ ಕೂರುವುದು, ಚಕ್ಕಳಮಕ್ಕಳ ಹಾಕಿ ಕೂರುವುದು, ಮಂಡಿಯೂರುವುದು, ತಿರುಗುವುದು. ಕಾಲು ಗಿಡ್ಡವಾಗಿದ್ದರೆ ಅದಕ್ಕೆ ಬೇರೆ ಅಂಕ, ಮೊದಲ ಅರ್ಧ ಇಂಚಿಗೆ ಇಲ್ಲ, ಆಮೇಲಿನ ಪ್ರತಿ ಅರ್ಧ ಇಂಚಿಗೆ 4.

ಓದಿದಾಗ ನಮಗೇ ಆಶ್ಚರ್ಯವಾಯಿತು. ಇದು ಹಳ್ಳಿಯವರಿಗಾಗಿಯೇ ಬರೆದ ಪಟ್ಟಿ ಇದ್ದ ಹಾಗಿದೆ. ಕುಕ್ಕರಗಾಲು, ಚಕ್ಕಳಮಕ್ಕಳ, ಇಳಿಜಾರು, ನಮ್ಮ ಬದುಕು ನಡೆಯೋದೇ ಇವುಗಳ ಮೇಲೆ. ಹಾಗಾದರೆ ಇವೇ ಬಾರದ ಅಣ್ಣನಿಗೆ 36 ಹೇಗೆ ಬಂತು?

ಅವನ ಅಳತೆ ಹಾಳೆಯ ನಕಲು ಕೇಳಿದೆವು. ಮೊದಲು ಬಾಯಲ್ಲಿ ಕೇಳಿದೆವು. "ಅದನ್ನೆಲ್ಲ ಕೊಡಲ್ಲ" ಅಂದರು. ವೈದ್ಯರ ನಡತೆಯ ಬಗ್ಗೆ 2002ರ ನಿಯಮ ಇದೆ, ರೋಗಿಯೇ ತನ್ನ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ ಅದರಲ್ಲಿದೆ. ಅದನ್ನು ಅರ್ಜಿಯಲ್ಲಿ ಬರೆದೆವು. ಅದಕ್ಕೂ ಉತ್ತರವಿಲ್ಲ. ಕೊನೆಗೆ ಮಾಹಿತಿ ಹಕ್ಕಿನಲ್ಲಿ ಹಾಕಿದೆವು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ, ಆದ್ದರಿಂದ ಕತೆ ಬರೆಯದೆ ಕಾರ್ಡಿನ ನಂಬರು, ಬೋರ್ಡಿನ ತಾರೀಕು, "ನನ್ನ ಅಳತೆ ಹಾಳೆಯ ದೃಢೀಕೃತ ನಕಲು ಕೊಡಿ" ಎಂದಷ್ಟೇ ಬರೆದೆವು. ಮೂವತ್ತು ದಿನದ ಗಡುವು ಮುಗಿಯುವ ಹೊತ್ತಿಗೆ ಎರಡು ಹಾಳೆ ಅಂಚೆಯಲ್ಲಿ ಬಂತು.

ಅದರಲ್ಲಿ ಸಮನೆಲದ ನಡಿಗೆಯ ಮುಂದೆ ಒಂದು ಗುರುತು. ಕೀಲಿನ ಅಳತೆ ಇತ್ತು. ಕುಕ್ಕರಗಾಲು, ಚಕ್ಕಳಮಕ್ಕಳ, ಮಂಡಿ, ಮೆಟ್ಟಿಲು ಎಲ್ಲದರ ಮುಂದೆಯೂ ಒಂದೇ ಗೆರೆ ಎಳೆದು "ಸರಿಯಿದೆ" ಎಂದು ಬರೆದಿತ್ತು. ಅಣ್ಣನನ್ನು ಕೇಳಿದೆವು. "ಕೂರು ಅಂತ ಯಾರೂ ಹೇಳ್ಲೇ ಇಲ್ವಲ್ಲ" ಅಂದ. ಇಸ್ತ್ರಿ ಪ್ಯಾಂಟು ಹಾಕಿಕೊಂಡು ಕೋಲಿಲ್ಲದೆ ನಡೆದು ಬಂದು ಚೆನ್ನಾಗಿದೀನಿ ಅಂದವನನ್ನು, ಹೊರಗೆ ಇನ್ನೂ ಐವತ್ತು ಜನ ಕಾದಿರುವಾಗ, ನೆಲದ ಮೇಲೆ ಕೂರಿಸಿ ನೋಡಲು ಯಾರಿಗೂ ಪುರುಸೊತ್ತು ಇರಲಿಲ್ಲ.

ಇಲ್ಲಿ ಡಾಕ್ಟರನ್ನು ಬೈದು ಬರೆಯುವುದು ಸುಲಭ. ನಾವು ಹಾಗೆ ಬರೆಯುವುದಿಲ್ಲ. ಸುಳ್ಳು ಸರ್ಟಿಫಿಕೇಟು ಮಾಡಿಸಿಕೊಂಡವರು ನಮ್ಮ ತಾಲ್ಲೂಕುಗಳಲ್ಲೇ ಇದ್ದಾರೆ, ಅದು ಎಲ್ಲರಿಗೂ ಗೊತ್ತು. ಸುಳ್ಳು ಹೇಳಿ ಸೌಲಭ್ಯ ಪಡೆದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಎಂದು ಅದೇ ಕಾಯ್ದೆಯ 91ನೇ ಕಲಮು ಹೇಳುತ್ತದೆ. ಸಹಿ ಹಾಕುವವರಿಗೆ ಅನುಮಾನ ಬರುವುದು ಸಹಜ. ಆದರೆ ಅನುಮಾನ ಬಂದರೆ ಇನ್ನೂ ಚೆನ್ನಾಗಿ ಅಳೆಯಬೇಕು, ಅಳೆಯದೆ ಗೆರೆ ಎಳೆಯಬಾರದು. ದುಡ್ಡು ಕೊಟ್ಟು 60 ಬರೆಸಿಕೊಂಡವನು ಆರಾಮಾಗಿದ್ದಾನೆ, ಅನುಮಾನದ ಪೆಟ್ಟು ಬೀಳುವುದು ಮಾತಾಡಲು ಬಾರದ ಅಣ್ಣನಂಥವರ ಮೇಲೆ.

ನಮ್ಮ ನಿಜವಾದ ತಕರಾರು ವ್ಯವಸ್ಥೆಯ ಒಂದು ಕಿಂಡಿಯ ಮೇಲೆ. ಅರ್ಜಿಯನ್ನು ಪೂರ್ತಿ ತಿರಸ್ಕರಿಸಿದರೆ ಯಾಕೆ ಎಂದು ಕಾರಣ ಬರೆದು ಕೊಡಬೇಕು, 2017ರ ನಿಯಮಗಳಲ್ಲಿ ಅದಕ್ಕೊಂದು ನಮೂನೆಯೇ ಇದೆ. ಆದರೆ ಅಣ್ಣನ ಅರ್ಜಿಯನ್ನು ಯಾರೂ ತಿರಸ್ಕರಿಸಲಿಲ್ಲ. ಕಾರ್ಡು ಕೊಟ್ಟರು, 36 ಬರೆದರು. ಕಾರಣ ಕೇಳಿದರೆ ಕಾರ್ಡೇ ಕೊಟ್ಟಿದ್ದೇವಲ್ಲ ಎನ್ನುತ್ತಾರೆ. ಮಾಸಾಶನದ ಮಟ್ಟಿಗೆ 36 ಅಂದರೂ ತಿರಸ್ಕಾರ ಅಂದರೂ ಒಂದೇ, ಆದರೆ ಕಾಗದದಲ್ಲಿ ಒಂದಕ್ಕೆ ಕಾರಣ ಸಿಗುತ್ತದೆ, ಇನ್ನೊಂದಕ್ಕೆ ಇಲ್ಲ. 2024ರ ತಿದ್ದುಪಡಿಯಲ್ಲಿ ಕಾರ್ಡಿಗೆ ಬಣ್ಣ ಬಂದಿದೆ: 40ಕ್ಕಿಂತ ಕಡಿಮೆಗೆ ಬಿಳಿ, ಅದರ ಮೇಲಿನವರಿಗೆ ಹಳದಿ, 80 ಮತ್ತು ಮೇಲಿನವರಿಗೆ ನೀಲಿ. ಸರ್ಟಿಫಿಕೇಟು ಕೊಡಲು ಇದ್ದ ಒಂದು ತಿಂಗಳ ಗಡುವು ಮೂರು ತಿಂಗಳಾಗಿದೆ. ಬಣ್ಣಕ್ಕೂ ಗಡುವಿಗೂ ತಲೆ ಕೆಡಿಸಿಕೊಂಡವರು, ಬಿಳಿ ಕಾರ್ಡಿನ ಜೊತೆ ಅಳತೆ ಹಾಳೆಯ ಒಂದು ನಕಲನ್ನು ಕನ್ನಡದಲ್ಲಿ ಕೊಡಿ ಎಂದು ಬರೆಯಬಹುದಿತ್ತು. ಒಂದು ಜೆರಾಕ್ಸಿನ ಖರ್ಚು. ಇದೊಂದು ಆದರೆ ಅರ್ಧ ಜಗಳ ಬೋರ್ಡಿನ ಬಾಗಿಲಲ್ಲೇ ಮುಗಿಯುತ್ತದೆ.

ಮೇಲ್ಮನವಿ ಹೇಗೆ ಹಾಕಿದೆವು ಅಂತ ಕೇಳುವವರಿಗೆ: ಮೊದಲು ನಮ್ಮ ಪಂಚಾಯ್ತಿಯ ಪುನರ್ವಸತಿ ಕಾರ್ಯಕರ್ತೆಯನ್ನು ಹಿಡಿದೆವು. ವಿ.ಆರ್.ಡಬ್ಲ್ಯು. ಅಂತ ಪಂಚಾಯ್ತಿಗೊಬ್ಬರು ಇರಬೇಕು, ತಾಲ್ಲೂಕಿಗೆ ಎಂ.ಆರ್.ಡಬ್ಲ್ಯು. ಇರುತ್ತಾರೆ. ಬಹಳ ಕಡೆ ಅವರೇ ಅಂಗವಿಕಲರು, ಆದ್ದರಿಂದ ಹೇಳಿದ್ದು ಬೇಗ ಅರ್ಥವಾಗುತ್ತದೆ. ಅವರ ಜೊತೆ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಯ ಕಚೇರಿಗೆ ಹೋಗಿ, ಮೇಲ್ಮನವಿ ಯಾರಿಗೆ, ಎಷ್ಟು ದಿನದೊಳಗೆ ಎಂದು ಕೇಳಿ ಬರೆಸಿಕೊಂಡೆವು. ಬಾಯಿಮಾತಿಗೆ ಬಿಡಬೇಡಿ, ಹಿಂಬರಹ ಕೇಳಿ. ಗಡುವು ಇರುವುದರಿಂದ ಕಾರ್ಡು ಬಂದ ವಾರದಲ್ಲೇ ಓಡಾಟ ಶುರುಮಾಡುವುದು ವಾಸಿ. ನಾವು ಹಾಳೆಗಾಗಿ ಕಾದು ತಡಮಾಡಿಕೊಂಡೆವು, ಅದು ನಮ್ಮ ತಪ್ಪು. ಹಾಳೆ ಬರುವ ಮೊದಲೇ ಮೇಲ್ಮನವಿ ಕೊಟ್ಟು "ದಾಖಲೆ ಬಂದ ಕೂಡಲೇ ಒದಗಿಸುತ್ತೇವೆ" ಎಂದು ಒಂದು ಸಾಲು ಸೇರಿಸಬೇಕಿತ್ತು. ತಡವಾದದ್ದು ಯಾಕೆ ಎಂದು ಮಾಹಿತಿ ಹಕ್ಕಿನ ತಾರೀಕುಗಳನ್ನು ಇಟ್ಟು ವಿವರಿಸಬೇಕಾಯಿತು.

ಅರ್ಜಿ ಒಂದೇ ಪುಟ. ನಾವು ಮೊದಲು ಬರೆದದ್ದು ಮೂರು ಪುಟ ಇತ್ತು, ಬಡತನ, ದೊಡ್ಡಪ್ಪ ತೀರಿಕೊಂಡದ್ದು, ಸಾಲ ಎಲ್ಲ ಸೇರಿತ್ತು. ಕಾನೂನು ಸೇವಾ ಸಮಿತಿಯ ವಕೀಲರು ಓದಿ ಎಲ್ಲಕ್ಕೂ ಗೀಟು ಹಾಕಿದರು. "ಬಡತನಕ್ಕೆ ಅಂಕ ಇಲ್ಲ, ಕಾಲಿಗೆ ಅಂಕ" ಅಂದರು. ಉಳಿದದ್ದು ಇಷ್ಟು: ಇಂಥ ತಾರೀಕಿನ ಹಾಳೆಯಲ್ಲಿ ಇಂಥ ಐದು ಚಲನೆಗಳನ್ನು ಸರಿಯಿದೆ ಎಂದು ಬರೆಯಲಾಗಿದೆ, ಅವುಗಳನ್ನು ಮಾಡಿಸಿ ನೋಡಿಲ್ಲ, ಅರ್ಜಿದಾರ ಅವನ್ನು ಮಾಡಲಾರ, ಮತ್ತೆ ಅಳೆಯಬೇಕು. ಜೊತೆಗೆ ಆಪರೇಷನ್ನಿನ ಡಿಸ್ಚಾರ್ಜ್ ಚೀಟಿ, ಹಳೆಯ ಮತ್ತು ಹೊಸ ಎಕ್ಸ್‌ರೇ. ಆ ವಕೀಲರಿಗೆ ನಾವು ಒಂದು ಪೈಸೆ ಕೊಟ್ಟಿಲ್ಲ. 1987ರ ಕಾನೂನು ಸೇವೆಗಳ ಕಾಯ್ದೆಯ 12ನೇ ಕಲಮಿನಲ್ಲಿ ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಇದೆ, ತಾಲ್ಲೂಕು ಕೋರ್ಟಿನ ಆವರಣದಲ್ಲೇ ಆ ಸಮಿತಿಯ ಕೊಠಡಿ ಇರುತ್ತದೆ.

ಎರಡನೇ ಸಲ ಅಳೆಯುವ ದಿನ ಅಣ್ಣ ಲುಂಗಿ ಉಟ್ಟು, ಕೋಲು ಹಿಡಿದೇ ಹೋದ. ನಾಟಕ ಬೇಡ ಎಂದು ನಾವೇ ಹೇಳಿದ್ದೆವು, ನಾಟಕ ಅನುಭವಸ್ಥ ಡಾಕ್ಟರ ಕಣ್ಣಿಗೆ ತಕ್ಷಣ ಬೀಳುತ್ತದೆ. ಹಾಗೆಯೇ ಮರ್ಯಾದೆಗೆ ಅಂಜಿ ನೋವು ಮುಚ್ಚುವುದೂ ಬೇಡ. ಮನೆಯಲ್ಲಿ ಹೇಗೋ ಅಲ್ಲೂ ಹಾಗೆ. "ಕೂರೋಕೆ ಆಗುತ್ತಾ?" ಅಂತ ಈ ಸಲ ಅವರೇ ಕೇಳಿದರು. ಕೂರಲು ಹೋಗಿ ಮೇಜಿನ ಕಾಲು ಹಿಡಿದುಕೊಂಡ. ಬಂದದ್ದು 48. ಮೊದಲ ಕಾರ್ಡಿನಿಂದ ಇಲ್ಲಿಗೆ ಹತ್ತಿರಹತ್ತಿರ ಹನ್ನೊಂದು ತಿಂಗಳು. ಆ ಹನ್ನೊಂದು ತಿಂಗಳ ಮಾಸಾಶನ ಬರಲಿಲ್ಲ, ಮಂಜೂರಾದ ಮೇಲಿನದು ಮಾತ್ರ ಬಂತು. ಬೋರ್ಡು ಮಾಡಿದ ತಪ್ಪಿಗೆ ಹಣ ಕಳೆದುಕೊಂಡದ್ದು ಅಣ್ಣ. ಇದು ನ್ಯಾಯ ಅಂತ ನಮಗೆ ಯಾರೂ ಒಪ್ಪಿಸಲಾರರು.

ಎಲ್ಲರೂ ಮೇಲ್ಮನವಿ ಹಾಕಿ ಅಂತ ನಾವು ಹೇಳುತ್ತಿಲ್ಲ. ನಮ್ಮ ಹತ್ತಿರ ಬಂದವರಲ್ಲಿ ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಚೆನ್ನಾಗಿರುವ ಒಬ್ಬರು ಇದ್ದರು. ಮಾರ್ಗಸೂಚಿಯಲ್ಲೇ ಅದಕ್ಕೆ 30 ಎಂದು ಇದೆ. ಅಲ್ಲಿ ಡಾಕ್ಟರು ತಪ್ಪು ಮಾಡಿಲ್ಲ, ಮೇಲ್ಮನವಿಯಿಂದ ಓಡಾಟದ ಖರ್ಚು ಮಾತ್ರ. ಜಗಳ ಆಡುವುದಿದ್ದರೆ ಆ ನಿಯಮದ ಮೇಲೆ ಆಡಬೇಕು, ಅದು ಶಾಸಕರ ಹತ್ತಿರ ಆಡುವ ಜಗಳ. ಇನ್ನೊಬ್ಬರಿಗೆ ಕಾಲಿನಲ್ಲಿ 30, ಕೈಯಲ್ಲಿ 20, ಕೂಡಿದರೆ 50 ಆಗಬೇಕಲ್ಲ ಎಂಬ ಸಿಟ್ಟು. ಹಾಗೆ ನೇರ ಕೂಡುವುದಿಲ್ಲ, ಅದಕ್ಕೊಂದು ಸೂತ್ರವಿದೆ, 43-44ರ ಹತ್ತಿರ ಬರುತ್ತದೆ. ಮತ್ತೆ ಅಳೆದರೆ ಕಡಿಮೆಯೂ ಆಗಬಹುದು ಎನ್ನುವುದನ್ನೂ ಮರೆಯಬಾರದು. 42 ಇದ್ದವರು 75ರ ಆಸೆಗೆ, 1,400 ರೂಪಾಯಿಯ ಆಸೆಗೆ ಹೋಗುವ ಮುಂಚೆ ಹಾಳೆ ತರಿಸಿ ಯಾರಿಗಾದರೂ ತೋರಿಸಿ. ನಾಡಕಚೇರಿಯಲ್ಲಿ ಆದಾಯದ ಕಾರಣಕ್ಕೋ ದಾಖಲೆಯ ಕಾರಣಕ್ಕೋ ಮಾಸಾಶನ ನಿಲ್ಲಿಸಿದ್ದರೆ ಅದು ಬೇರೆ ದಾರಿ. ಅದು ಕಂದಾಯ ಇಲಾಖೆಯ ವ್ಯವಹಾರ, ಬೋರ್ಡಿನ ಹತ್ತಿರ ಹೋಗಿ ಪ್ರಯೋಜನವಿಲ್ಲ. ಈ ಎರಡನ್ನು ಕಲಸಿಕೊಂಡು ತಿಂಗಳುಗಟ್ಟಲೆ ತಪ್ಪು ಬಾಗಿಲು ತಟ್ಟಿದವರನ್ನು ನೋಡಿದ್ದೇವೆ.

ಮನಸ್ಸಿನ ಕಾಯಿಲೆ ಇರುವವರ ಮನೆಯವರಿಗೆ ಒಂದು ಮಾತು. ಅಲ್ಲಿ ಅಳೆಯುವುದು ನಾಲ್ಕು ವಿಷಯ: ತನ್ನ ಕೆಲಸ ತಾನು ಮಾಡಿಕೊಳ್ಳುವುದು, ಜನರ ಜೊತೆ ಬೆರೆಯುವುದು, ಮಾತು ಮತ್ತು ತಿಳಿವಳಿಕೆ, ದುಡಿಮೆ. ಕಾಯಿಲೆ ಎಷ್ಟು ವರ್ಷದ್ದು ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಅವತ್ತು ಶಾಂತವಾಗಿ ಕೂತಿದ್ದ ಮಗನನ್ನು ನೋಡಿ ಡಾಕ್ಟರು ಕಡಿಮೆ ಬರೆದರೆ ಅದು ಅವರೊಬ್ಬರ ತಪ್ಪಲ್ಲ. ಹಿಂದಿನ ಎರಡು ಮೂರು ತಿಂಗಳು ಸ್ನಾನ ಎಷ್ಟು ದಿನ ತಪ್ಪಿತು, ರಾತ್ರಿ ಎಷ್ಟು ಸಲ ಮನೆ ಬಿಟ್ಟು ಹೋದ ಎಂದು ಒಂದು ನೋಟ್‌ಬುಕ್ಕಿನಲ್ಲಿ ತಾರೀಕು ಸಮೇತ ಬರೆದಿಟ್ಟ ತಾಯಿಯ ಮಾತಿಗೆ ತೂಕ ಇರುತ್ತದೆ.

ಇನ್ನೊಂದು. 40 ಬರಲಿಲ್ಲ ಅಂದಮಾತ್ರಕ್ಕೆ ಕಾನೂನಿನ ಕಣ್ಣಲ್ಲಿ ನೀವು ಅಂಗವಿಕಲರೇ ಅಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಪರೀಕ್ಷೆಯಲ್ಲಿ ಬರೆಯಲು ಸಹಾಯಕನನ್ನು ಕೇಳಿದ ಅಭ್ಯರ್ಥಿಯೊಬ್ಬರ ಕೇಸಿನಲ್ಲಿ ಸುಪ್ರೀಂ ಕೋರ್ಟು 2021ರಲ್ಲಿ ಇದನ್ನು ಬಿಡಿಸಿ ಹೇಳಿತು: 40ರ ಗೆರೆ ಕೆಲವು ಸೌಲಭ್ಯಗಳಿಗೆ ಮಾತ್ರ, ಎಲ್ಲ ಹಕ್ಕಿಗೂ ಅಲ್ಲ. 2024ರ ಅಕ್ಟೋಬರಿನಲ್ಲಿ, ಮಾತಿನ ತೊಂದರೆಯಿದ್ದ ವೈದ್ಯಕೀಯ ವಿದ್ಯಾರ್ಥಿಯ ಕೇಸಿನಲ್ಲಿ, ಬರೀ ಪರ್ಸೆಂಟು ನೋಡಿ ತೀರ್ಮಾನಿಸಬೇಡಿ, ಆ ಮನುಷ್ಯ ಏನು ಮಾಡಬಲ್ಲ ಎನ್ನುವುದನ್ನು ನೋಡಿ ಎಂದಿತು. ಅದು ಸೀಟಿನ ವಿಷಯ, ಮಾಸಾಶನದ್ದಲ್ಲ. ಆದರೂ ದೇಶದ ದೊಡ್ಡ ಕೋರ್ಟೇ ಬೋರ್ಡಿನ ಅಂಕಿಯನ್ನು ಪ್ರಶ್ನೆ ಮಾಡುತ್ತದೆ ಅಂದಮೇಲೆ, ನಮ್ಮ ದೊಡ್ಡಮ್ಮ ಯಾಕೆ ಮಾಡಬಾರದು?

ಹಣದ ಮೊತ್ತದ ಬಗ್ಗೆಯೂ ನಮಗೆ ಸಿಟ್ಟಿದೆ. ಬೇರೆಯವರಿಗಿರುವ ಅಂಥದೇ ಯೋಜನೆಗಿಂತ ಅಂಗವಿಕಲರಿಗೆ ಕನಿಷ್ಠ 25 ಪರ್ಸೆಂಟ್ ಜಾಸ್ತಿ ಕೊಡಬೇಕು ಎಂದು ಕಾಯ್ದೆಯ 24ನೇ ಕಲಮು ಹೇಳುತ್ತದೆ. 2021ರಲ್ಲಿ ವಿಧವಾ ವೇತನವನ್ನೂ 800 ಮಾಡಿದರು, ಅಣ್ಣನಂಥವರದನ್ನೂ 800 ಮಾಡಿದರು. 25 ಪರ್ಸೆಂಟಿನ ಆ ಲೆಕ್ಕವನ್ನು ಯಾವ ಹಾಳೆಯಲ್ಲಿ ಮಾಡಿದರೋ. ಇದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇವೆ.

ಕೊನೆಯದಾಗಿ ದಲ್ಲಾಳಿಗಳ ಸುದ್ದಿ. ಬೋರ್ಡಿನ ಹೊರಗಿನ ಚಹಾದಂಗಡಿಯಲ್ಲಿ ಅಣ್ಣನಿಗೂ ಒಬ್ಬ ಸಿಕ್ಕಿದ್ದ. ಎಂಟು ಸಾವಿರ ಕೊಟ್ಟರೆ 75 ಮಾಡಿಸಿಕೊಡ್ತೀನಿ ಅಂದನಂತೆ. ದೊಡ್ಡಮ್ಮ ಕಿವಿಯ ಓಲೆ ಅಡ ಇಡಲು ಹೊರಟಿದ್ದರು. ಹಾಗೆ ಬರೆಸಿಕೊಂಡ ಕಾರ್ಡು ನಾಳೆ ಮರುಪರಿಶೀಲನೆಗೆ ಬಂದರೆ ಜೈಲಿಗೆ ಹೋಗುವವನು ಅಣ್ಣ, ಅವನಲ್ಲ. ಮೇಲ್ಮನವಿಗೆ ನಮಗಾದ ಖರ್ಚು ಬಸ್ಸು, ಜೆರಾಕ್ಸು, ಎಕ್ಸ್‌ರೇ, ಊಟ ಎಲ್ಲ ಸೇರಿ 2,140 ರೂಪಾಯಿ. ಚೀಟಿ ಇಟ್ಟಿದ್ದೇವೆ.

ಓಲೆ ದೊಡ್ಡಮ್ಮನ ಕಿವಿಯಲ್ಲೇ ಇದೆ. ಪಕ್ಕದ ಹಟ್ಟಿಯ ಅಕ್ಕ ಒಬ್ಬರಿಗೆ ಹೋದ ತಿಂಗಳು 34 ಬಂದಿದೆ, ಹುಟ್ಟಿನಿಂದ ಒಂದು ಕಾಲು ಗಿಡ್ಡ. ಹಾಳೆ ಕೇಳಿ ಅರ್ಜಿ ಬರೆದಾಗಿದೆ. ಬುಧವಾರ ಅವರ ಜೊತೆ ಜಿಲ್ಲಾ ಕಚೇರಿಗೆ ಯಾರು ಹೋಗುವುದು ಎಂದು ನಾವು ಮಾತಾಡಿಕೊಳ್ಳುತ್ತಿದ್ದರೆ, ನಾನೇ ಹೋಗ್ತೀನಿ ಬಿಡ್ರೋ ಅಂತ ಅಣ್ಣ ಕೋಲು ತಗೊಂಡ. ಆ ಕಾಲಿನ ಅಳತೆಯನ್ನು ಇಂಚಿನಲ್ಲಿ ಬರೆದಿದ್ದಾರೋ ಇಲ್ಲವೋ ನೋಡಬೇಕಂತೆ.